ನಾನು ವಾಪಸ್ ಪಡೆಯದ ಒಂದು ಅನುಮತಿ

ನಾಲ್ಕು ವರ್ಷಗಳ ಹಿಂದಿನ ಬೇಸಿಗೆ. ಆಗ ನಾನು ವಿಜಯಪುರದ ಒಂದು ಖಾಸಗಿ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಮುಖ್ಯ ಲ್ಯಾಬ್ ನಗರದಲ್ಲಿತ್ತು. ತಿಕೋಟಾ ಮತ್ತು ಬಬಲೇಶ್ವರದಲ್ಲಿ ರಕ್ತ ಸಂಗ್ರಹಿಸುವ ಒಂದೊಂದು ಕೇಂದ್ರವಿತ್ತು. ಮೂರೂ ಕಡೆಯವರು ಬಳಸುತ್ತಿದ್ದುದು ಒಂದೇ ಡೇಟಾಬೇಸ್. ಯಾರು ಏನನ್ನು ನೋಡಬಹುದು, ಯಾರು ಬರೆಯಬಹುದು, ಯಾರು ತಿದ್ದಬಹುದು ಎಂದು ತೀರ್ಮಾನಿಸಿ ಅನುಮತಿ ಕೊಡುವುದು ನನ್ನ ಕೆಲಸ. ಈ ಕ್ಷೇತ್ರದಲ್ಲಿ ನನಗೆ ಹದಿಮೂರು ವರ್ಷ ತುಂಬಿತ್ತು. ತಪ್ಪು ಮಾಡುವ ವಯಸ್ಸು ದಾಟಿದ್ದೇನೆ ಎಂದುಕೊಂಡಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರ್ ಸುನಂದಾ ಅವರ ಫೋನ್ ಬಂತು. ಜಲನಗರದಲ್ಲಿ ಅವರದೊಂದು ಹೆರಿಗೆ ಕ್ಲಿನಿಕ್. ನನ್ನ ಮನೆಯಿಂದ ಎರಡು ಓಣಿ ಆಚೆ. ನಮ್ಮ ಲ್ಯಾಬಿಗೆ ಅವರಿಂದ ಬರುತ್ತಿದ್ದ ಗರ್ಭಿಣಿಯರೇ ಹೆಚ್ಚು. ಯಾವತ್ತೂ ಧ್ವನಿ ಏರಿಸದ ಹೆಂಗಸು ಅವರು.

"ಮೇಡಂ, ನನ್ನ ಮುಂದ ಒಬ್ಬಾಕಿ ಕುಂತಾಳ. ಏಳು ತಿಂಗಳಾಗ್ಯಾವ. ಜನವರಿದಾಗ ನೀವ ಕೊಟ್ಟ ಕಾಗದದಾಗ ಬಿ ನೆಗೆಟಿವ್ ಐತಿ. ಇವತ್ತ ನಿಮ್ಮ ವೆಬ್‌ಸೈಟ್ ತಗದ್ರ ಅದ ನಂಬರಿಗೆ ಬಿ ಪಾಸಿಟಿವ್ ತೋರಸಾಕತ್ತೇತಿ. ರಕ್ತದ ಗುಂಪು ಹಂಗ ಬದಲಾಗತೈತೇನ್ರಿ?"

ಬದಲಾಗುವುದಿಲ್ಲ. ದಾಖಲೆಯಲ್ಲಿ ತಪ್ಪಾದರೆ ಎಷ್ಟು ಅಪಾಯ ಎಂಬುದನ್ನೂ ಅವರೇ ಹಿಂದೊಮ್ಮೆ ನನಗೆ ಬಿಡಿಸಿ ಹೇಳಿದ್ದರು. ತಾಯಿಯ ರಕ್ತ ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ಹೆರಿಗೆಯಾದ ಎಪ್ಪತ್ತೆರಡು ಗಂಟೆಯೊಳಗೆ ತಾಯಿಗೆ ಆ್ಯಂಟಿ-ಡಿ ಎಂಬ ಚುಚ್ಚುಮದ್ದು ಕೊಡಬೇಕು. ತಪ್ಪಿದರೆ ಆ ಮಗುವಿಗೇನೂ ಆಗದಿರಬಹುದು. ಆದರೆ ತಾಯಿಯ ದೇಹ ಮುಂದಿನ ಮಗುವಿನ ರಕ್ತವನ್ನೇ ಶತ್ರುವೆಂದು ಕಾಣತೊಡಗಬಹುದು. ಕಾಗದದಲ್ಲಿ ಪಾಸಿಟಿವ್ ಎಂದಿದ್ದರೆ ಯಾವ ಡಾಕ್ಟರೂ ಆ ಮದ್ದಿನ ಯೋಚನೆಯನ್ನೇ ಮಾಡುವುದಿಲ್ಲ.

ನಾನು ಆಡಿಟ್ ಲಾಗ್ ತೆರೆದೆ. ಡೇಟಾಬೇಸಿನಲ್ಲಿ ಯಾವಾಗ, ಯಾವ ಲಾಗಿನ್‌ನಿಂದ ಏನು ಬದಲಾಯಿತು ಎಂಬುದೆಲ್ಲ ಅದರಲ್ಲಿ ತಾನಾಗಿ ದಾಖಲಾಗುತ್ತದೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ಶುಕ್ರವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ತಿಕೋಟಾ ಕೇಂದ್ರದ ಲಾಗಿನ್‌ನಿಂದ ಒಂದು ಎಕ್ಸೆಲ್ ಫೈಲ್ ಏರಿತ್ತು. ಒಂದೇ ಏಟಿಗೆ ಅರವತ್ತಮೂರು ದಾಖಲೆಗಳ ರಕ್ತದ ಗುಂಪು ಮತ್ತೆ ಬರೆಯಲ್ಪಟ್ಟಿತ್ತು.

ತಿಕೋಟಾ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸಾವಿತ್ರಿಗೆ ಫೋನ್ ಮಾಡಿದೆ. ಆಕೆ ಮುಚ್ಚಿಡದೆ ಹೇಳಿದಳು.

"ಹೌದ್ರಿ ಮೇಡಂ. ಒಣದ್ರಾಕ್ಷಿ ಶೆಡ್ಡಿನಾಗ ಕೆಲಸಾ ಮಾಡೋ ಹೆಣ್ಣಮಕ್ಕಳಿಗೆ ಗುರುವಾರ ರಕ್ತದ ಗುಂಪಿನ ಶಿಬಿರ ಇತ್ತಲ್ರಿ. ಒಂದೊಂದ ಹೆಸರು ಬಡಿಯೂದಕಿಂತ ಫೈಲ್ ಏರಿಸಿದ್ರ ಲಗೂ ಆಗತೈತಿ ಅಂತ ಏರಿಸೀನ್ರಿ. ಸಿಸ್ಟಮ್ ತಗೊಂಡ್ತು. ತಪ್ಪಾತೇನ್ರಿ?"

ಆಕೆ ರೋಗಿ ಸಂಖ್ಯೆಯ ಜಾಗದಲ್ಲಿ ಶಿಬಿರದ ಟೋಕನ್ ಸಂಖ್ಯೆ ತುಂಬಿದ್ದಳು, ಒಂದರಿಂದ ಅರವತ್ತಮೂರರವರೆಗೆ. ನಮ್ಮಲ್ಲಿ ಪ್ರತಿ ಜನವರಿಗೆ ರೋಗಿ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಹಾಗಾಗಿ ಶಿಬಿರದ ಹೆಂಗಸರ ರಕ್ತದ ಗುಂಪುಗಳು ಜನವರಿಯಲ್ಲಿ ಬಂದ ಮೊದಲ ಅರವತ್ತಮೂರು ರೋಗಿಗಳ ಹೆಸರಿನ ಮುಂದೆ ಹೋಗಿ ಕುಳಿತಿದ್ದವು.

ಆದರೆ ಹೀಗೆ ಒಟ್ಟಿಗೆ ಫೈಲ್ ಏರಿಸುವ ಅನುಮತಿ ಯಾವ ಕೇಂದ್ರಕ್ಕೂ ಇರಬಾರದು. ತಿಕೋಟಾಕ್ಕೆ ಹೇಗೆ ಬಂತು? ಅನುಮತಿಗಳ ಪಟ್ಟಿ ತೆರೆದೆ. ಮೂರು ತಿಂಗಳ ಹಿಂದೆ ತಂಗಿಯ ಮದುವೆಗೆಂದು ನಾನು ರಜೆ ಹಾಕಿದ್ದ ದಿನ, ಒಂದು ತುರ್ತು ಕೆಲಸಕ್ಕಾಗಿ ಆ ಅನುಮತಿ ಕೊಡಲಾಗಿತ್ತು. ಒಂದು ದಿನದ ಮಟ್ಟಿಗೆ. ಕೊಟ್ಟವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು; ಮದುವೆ ಮನೆಯಿಂದಲೇ ಲ್ಯಾಪ್‌ಟಾಪ್ ತೆರೆದು ಕೊಟ್ಟದ್ದು ಆಗ ನೆನಪಾಯಿತು. ವಾಪಸ್ ಪಡೆದ ದಿನಾಂಕದ ಜಾಗ ಖಾಲಿಯಿತ್ತು.

ಮೊದಲು ಆ ಅನುಮತಿಯನ್ನು ಕಿತ್ತುಹಾಕಿದೆ. ಗುರುವಾರದ ಬ್ಯಾಕಪ್ ಪ್ರತಿಯನ್ನು ಪಕ್ಕದಲ್ಲಿಟ್ಟು ಅರವತ್ತಮೂರನ್ನೂ ಒಂದೊಂದಾಗಿ ಹೋಲಿಸಿ ಸರಿಪಡಿಸಿದೆ. ಹಲವರ ಗುಂಪು ಅದೃಷ್ಟಕ್ಕೆ ಬದಲಾಗಿರಲಿಲ್ಲ. ನೆಗೆಟಿವ್ ಇದ್ದದ್ದು ಪಾಸಿಟಿವ್ ಆಗಿದ್ದ ಗರ್ಭಿಣಿಯರು ಇಬ್ಬರೇ. ಒಬ್ಬಾಕೆ ಸುನಂದಾ ಅವರ ಎದುರಿಗೇ ಕುಳಿತಿದ್ದಳು. ಇನ್ನೊಬ್ಬಾಕೆ ರೇಣುಕಾ, ಇಪ್ಪತ್ತೆರಡು ವರ್ಷ, ತವರು ಸಾರವಾಡ. ಆಕೆಯ ವರದಿಯನ್ನು ಶುಕ್ರವಾರ ಮಧ್ಯಾಹ್ನ ಮೂರಕ್ಕೆ ನಗರದ ಒಂದು ನರ್ಸಿಂಗ್ ಹೋಮ್‌ನವರು ನಮ್ಮ ವೆಬ್‌ಸೈಟಿನಿಂದ ಪ್ರಿಂಟ್ ತೆಗೆದಿದ್ದರು.

ಅಲ್ಲಿಗೆ ಫೋನ್ ಮಾಡಿದೆ. ಶುಕ್ರವಾರ ಸಂಜೆ ನಾಲ್ಕಕ್ಕೆ ಹೆರಿಗೆ, ಗಂಡು ಮಗು, ಇವತ್ತು ಬೆಳಿಗ್ಗೆಯೇ ಡಿಸ್ಚಾರ್ಜ್ ಆಗಿ ತವರಿಗೆ ಹೋದಳು. ಚುಚ್ಚುಮದ್ದು? "ಪಾಸಿಟಿವ್ ಇತ್ತಲ್ರಿ, ಯಾಕ ಕೊಡೂದು?" ಎಂದರು. ಗೋಡೆಯ ಗಡಿಯಾರ ನೋಡಿದೆ. ಹನ್ನೆರಡಕ್ಕೆ ಹತ್ತು ನಿಮಿಷ. ಎಪ್ಪತ್ತೆರಡು ಗಂಟೆ ಮುಗಿಯಲು ನಾಲ್ಕು ಗಂಟೆ ಹತ್ತು ನಿಮಿಷ ಉಳಿದಿತ್ತು.

ರೇಣುಕಾಳ ಗಂಡನ ಫೋನ್ ಸ್ವಿಚ್ ಆಫ್. ಬೇರೆ ನಂಬರ್ ನಮ್ಮಲ್ಲಿರಲಿಲ್ಲ. ಸುನಂದಾ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು, "ನಾ ಮದ್ದು ತರಿಸಿ ಇಟ್ಟಿರತೇನಿ. ನೀವು ಆಕೀನ್ನ, ಕೂಸಿನ್ನ ಕರಕೊಂಡ ಬರ್ರಿ. ತಡಾ ಆದ್ರೂ ಕೊಡತೇನಿ, ಆದ್ರ ಆಮ್ಯಾಲ ಭರವಸೆ ಕೊಡೂದು ಆಗೂದಿಲ್ಲ" ಎಂದರು. ಜನವರಿಯ ಸರಿ ದಾಖಲೆ, ಶುಕ್ರವಾರದ ತಪ್ಪು ದಾಖಲೆ ಎರಡನ್ನೂ ಪ್ರಿಂಟ್ ತೆಗೆದುಕೊಂಡು, ನನ್ನ ಕಾರಿನಲ್ಲಿ ಸಾರವಾಡಕ್ಕೆ ಹೊರಟೆ.

ಊರಲ್ಲಿ ಮನೆ ಹುಡುಕುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಬಾಗಿಲಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಒಳಗೆ ರೇಣುಕಾ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಮಲಗಿದ್ದಳು. ಆಕೆಯ ತಾಯಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ತಾಯಿ ಎಣ್ಣೆ ಹಚ್ಚುವ ಕೈ ನಿಲ್ಲಿಸಲಿಲ್ಲ.

"ಮೂರ ದಿನದ ಬಾಣಂತೀನ್ನ ಈ ಬಿಸಲಾಗ ಹೊರಗ ಒಯ್ಯತೀರೇನು? ಅವತ್ತ ಒಂದ ಬರದ ಕೊಟ್ಟ್ರಿ. ಇವತ್ತ ಬಂದ ಇನ್ನೊಂದ ಹೇಳತೀರಿ. ನಾಳೆ ಮತ್ತೇನ ಹೇಳತೀರೋ! ನಿಮ್ಮನ್ನ ಹೆಂಗ ನಂಬೂದವ್ವಾ?"

ಕಂಪ್ಯೂಟರಿನ ಮೇಲೆ ತಪ್ಪು ಹಾಕುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ.

"ನನ್ನ ನಂಬಬ್ಯಾಡ್ರಿ" ಎಂದೆ. "ತಪ್ಪು ನನ್ನ ಕೈಯಿಂದನ ಆಗೇತಿ. ಡಾಕ್ಟರ್ ಹೊಸದಾಗಿ ರಕ್ತ ತಗದ, ನಿಮ್ಮ ಕಣ್ಣ ಮುಂದನ ಪರೀಕ್ಷಾ ಮಾಡ್ತಾರ. ಪಾಸಿಟಿವ್ ಬಂತಂದ್ರ ನಾನ ವಾಪಸ್ ತಂದ ಬಿಡತೇನಿ."

ಎರಡೂ ಕಾಗದಗಳನ್ನು ರೇಣುಕಾ ಕೇಳಿ ಇಸಿದುಕೊಂಡಳು. ಪಿಯುಸಿ ಓದಿದ ಹುಡುಗಿ. ಸಂಖ್ಯೆ, ಹೆಸರು, ದಿನಾಂಕ ಎಲ್ಲವನ್ನೂ ಬೆರಳಿಟ್ಟು ಓದಿದಳು. "ಸೂಜಿ ಮಾಡಿಸಲಿಲ್ಲಂದ್ರ ಈ ಕೂಸಿಗೆ ಏನಾಗತೈತ್ರಿ?" ಎಂದು ಕೇಳಿದಳು. "ಈ ಕೂಸಿಗಲ್ಲವ್ವಾ. ಮುಂದಿನದಕ್ಕ" ಎಂದೆ. ಆಕೆ ಗೋಡೆ ಹಿಡಿದು ಮೆಲ್ಲಗೆ ಎದ್ದು ನಿಂತಳು.

"ಯವ್ವಾ, ಕೂಸಿನ್ನ ಕುಲಾಯಿ ಹಾಕಿ ಎತ್ತಿಕೋ. ಹೋಗೂಣು ನಡಿ."

ತಾಯಿ ಬೈಯುತ್ತಲೇ ಮಗುವಿನ ತಲೆಗೆ ಕುಲಾಯಿ ಕಟ್ಟಿದರು. ಬೈಯುತ್ತಲೇ ಕಾರು ಹತ್ತಿದರು. ಹೊಲಿಗೆ ಹಾಕಿದ ಬಾಣಂತಿ. ಜೋರಾಗಿ ಓಡಿಸುವಂತಿಲ್ಲ, ನಿಧಾನಿಸುವಂತೆಯೂ ಇಲ್ಲ. ಪ್ರತಿ ತಗ್ಗಿಗೂ ರೇಣುಕಾ ಉಸಿರು ಹಿಡಿಯುವುದು ನನಗೆ ಕೇಳಿಸುತ್ತಿತ್ತು. ಕ್ಲಿನಿಕ್ ತಲುಪಿದಾಗ ಮೂರಕ್ಕೆ ಐದು ನಿಮಿಷವಿತ್ತು.

ಸುನಂದಾ ತಾಯಿ ಮಗು ಇಬ್ಬರ ರಕ್ತವನ್ನೂ ತೆಗೆಸಿ, ರೇಣುಕಾಳ ತಾಯಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿಸಿದರು. ಮಗು ಪಾಸಿಟಿವ್. ತಾಯಿ ನೆಗೆಟಿವ್. ಮೂರೂ ಇಪ್ಪತ್ತೈದಕ್ಕೆ ಚುಚ್ಚುಮದ್ದು ಕೊಟ್ಟರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಸಂಜೆ ಮೂವರನ್ನೂ ಸಾರವಾಡಕ್ಕೆ ವಾಪಸ್ ಬಿಟ್ಟು ಬಂದೆ.

ಮರುದಿನ ನಮ್ಮ ಮಾಲೀಕರು ಸಭೆ ಕರೆದರು. ಶಿವಾನಂದ ಸರ್ ಒಳ್ಳೆಯ ಮನುಷ್ಯ, ಆದರೆ ಅವಸರದವರು. ಸಾವಿತ್ರಿಯನ್ನೂ ತಿಕೋಟಾದಿಂದ ಕರೆಸಿದ್ದರು. ಆಕೆ ಕಣ್ಣು ಊದಿಸಿಕೊಂಡು ಬಾಗಿಲ ಬಳಿಯೇ ನಿಂತಿದ್ದಳು.

"ಲಾಗಿನ್ ತಿಕೋಟಾದ್ದ ಐತಿ. ಆಕೀನ್ನ ಇವತ್ತ ಕೆಲಸಾ ಬಿಡಿಸಿ ಬಿಡೂಣು. ಮಾತ ಮುಗೀತು" ಎಂದರು.

ನಾನು ಅನುಮತಿ ಪಟ್ಟಿಯ ಆ ಪುಟವನ್ನು ಮೇಜಿನ ಮೇಲಿಟ್ಟೆ. "ಬಾಗಲಾ ತಗದ ಇಟ್ಟಾಕಿ ನಾನು ಸರ್. ಆಕಿ ಒಳಗ ಬಂದಾಳ, ಅಷ್ಟ. ಬಿಡಿಸೂದಿದ್ರ ಮೊದಲ ನನ್ನ ಬಿಡಿಸಬೇಕಾಗತೈತಿ."

ಅವರು ಪುಟವನ್ನು ಎರಡು ಸಲ ಓದಿದರು. ಕೊನೆಗೆ, "ಈಗ ಏನ ಮಾಡೂದು ಹೇಳ್ರಿ" ಎಂದರು. ನಾನು ಹೇಳತೊಡಗಿದೆ. ಕೇಂದ್ರಕ್ಕೊಂದು ಲಾಗಿನ್ ಬೇಡ, ಒಬ್ಬೊಬ್ಬರಿಗೂ ಅವರದೇ ಲಾಗಿನ್. ತಾತ್ಕಾಲಿಕ ಅನುಮತಿಗೆ ಕೊನೆಯ ದಿನಾಂಕ ನಮೂದಿಸದೆ ಸಿಸ್ಟಮ್ ಅದನ್ನು ಸ್ವೀಕರಿಸಲೇಬಾರದು. ಹೆಸರು, ಸಂಖ್ಯೆ ಎರಡೂ ಹೊಂದದಿದ್ದರೆ ಫೈಲ್ ಏರಬಾರದು. ರಕ್ತದ ಗುಂಪು ತಿದ್ದಬೇಕಾದರೆ ಇಬ್ಬರು ಒಪ್ಪಬೇಕು. ಮಾಲೀಕರ ಲಾಗಿನ್‌ಗೆ ಇದ್ದ ಪೂರ್ತಿ ಅನುಮತಿಯನ್ನೂ ತೆಗೆಯಬೇಕು ಎಂದಾಗ ಅವರ ಹುಬ್ಬು ಮೇಲೇರಿತು.

"ಮಾಲಕ ನಾ ಅಲ್ಲೇನ್ರಿ?"

"ಲ್ಯಾಬ್ ನಿಮ್ಮದ ಸರ್. ರೋಗಿ ರಕ್ತದ ಗುಂಪು ನಿಮ್ಮದಲ್ಲ."

ಅವರು ನಕ್ಕರು. "ತಗೀರಿ" ಎಂದರು. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಸಿಗಬೇಕಾದ್ದೇ. ಸಾವಿತ್ರಿ ಕೆಲಸದಲ್ಲಿ ಉಳಿದಳು.

ಮುಂದಿನ ವಾರ ಹೊಸ ಲಾಗಿನ್ ಮಾಡಿಕೊಡಲು ತಿಕೋಟಾಕ್ಕೆ ಹೋದೆ. ತನ್ನ ಹೆಸರಿನ ಲಾಗಿನ್‌ಗೆ ತಾನೇ ಪಾಸ್‌ವರ್ಡ್ ಹಾಕಬೇಕು ಎಂದಾಗ ಸಾವಿತ್ರಿಯ ಮುಖ ಸಣ್ಣದಾಯಿತು. "ನನ್ನ ಮ್ಯಾಲ ಇನ್ನೂ ಸಂಶಯ ಐತೇನ್ರಿ ಮೇಡಂ?" ಎಂದಳು. ನಿರ್ಬಂಧವೆಂದರೆ ಅಪನಂಬಿಕೆ ಎಂದು ನಮ್ಮಲ್ಲಿ ಎಲ್ಲರೂ ತಿಳಿಯುತ್ತಾರೆ. ಅಷ್ಟು ವರ್ಷ ನಾನೂ ಹಾಗೇ ತಿಳಿದಿದ್ದೆ. ಅದಕ್ಕೇ ನಂಬಿಕೆಯವರು ಕೇಳಿದಾಗ ಕೊಟ್ಟುಬಿಡುತ್ತಿದ್ದೆ, ವಾಪಸ್ ಕೇಳಲು ಸಂಕೋಚಪಡುತ್ತಿದ್ದೆ. ಆ ವಾರ ಕಲಿತದ್ದನ್ನು ಆಕೆಗೆ ಹೇಳಿದೆ.

"ಇದು ನಿನ್ನ ಹಿಡಿಯಾಕ ಅಲ್ಲವ್ವಾ. ನಾಳೆ ಯಾರೋ ಏನೋ ತಿದ್ದಿದ್ರ, ಅದು ನೀ ಮಾಡಿದ್ದಲ್ಲ ಅಂತ ನಾ ಎದ್ದ ನಿಂತು ಹೇಳಾಕ."

ಆಕೆ ನನ್ನತ್ತ ನೋಡಿದಳು. "ಹಂಗಿದ್ರ ನೀವು ಆ ಕಡೆ ಮಾರಿ ಮಾಡ್ರಿ" ಎಂದಳು. ನಾನು ಕುರ್ಚಿ ತಿರುಗಿಸಿಕೊಂಡು ಕುಳಿತೆ. ಆಕೆ ತನ್ನ ಪಾಸ್‌ವರ್ಡ್ ಒತ್ತಿದಳು.