ವಾರಿಜತ್ತೆ ತಂದ ಹೊಸ ಬಿಜಾಗ್ರಿ

ಮೊನ್ನೆ ಮುಂಬಯಿಯ ಜೋಗೇಶ್ವರಿಯ ನಮ್ಮ ಮನೆಯ ಬಾಲ್ಕನಿ ಬಾಗಿಲು ಕಿರುಗುಟ್ಟುತ್ತದೆಂದು ಬಡಗಿಯನ್ನು ಕರೆಸಿದ್ದೆ. ಅವನು ಬಾಗಿಲನ್ನು ಕಳಚಿ, ತುಕ್ಕು ಹಿಡಿದ ಬಿಜಾಗ್ರಿಗಳನ್ನು, ಎಂದರೆ ಬಾಗಿಲಿನ ಕೀಲುಗಳನ್ನು, ಒಂದು ಹಳೆಯ ಡಬ್ಬಿಗೆ ಹಾಕಿ ಮೇಲಿಂದ ಸೀಮೆಎಣ್ಣೆ ಸುರಿದ. ಆ ವಾಸನೆ ಅಡುಗೆಮನೆಯವರೆಗೂ ಬಂದು ನನ್ನ ಮೂಗಿಗೆ ಹೊಡೆದದ್ದೇ ತಡ, ಗ್ಯಾಸ್ ಆರಿಸಿ ಬಂದು ಅವನ ಪಕ್ಕದಲ್ಲಿ ನಿಂತುಬಿಟ್ಟೆ. ಮೇಡಂ ತಕರಾರು ತೆಗೆಯಲು ಬಂದರೆಂದುಕೊಂಡ ಅವನು, ಹೊಸತನ್ನೇ ಹಾಕಿಬಿಡಲೇ ಎಂದು ಹಿಂದಿಯಲ್ಲಿ ಕೇಳಿದ. ಬೇಡಪ್ಪ, ಇದೇ ಇರಲಿ ಎಂದೆ. ಸೀಮೆಎಣ್ಣೆಯಲ್ಲಿ ನೆನೆದ ಕಬ್ಬಿಣ, ಆಮೇಲೆ ಅದಕ್ಕೆ ಸವರಿದ ಒಂದಿಷ್ಟು ತೆಂಗಿನೆಣ್ಣೆ: ನಾನು ಬೆಳೆದ ಕುರ್ಲಾದ ಚಾಳಿನಲ್ಲಿ ಭಾನುವಾರವೆಂದರೆ ಅಕ್ಕಪಕ್ಕದ ಮನೆಗಳಿಂದ ಮೀನು ಹುರಿಯುವ ಪರಿಮಳ ಬರುತ್ತಿತ್ತು, ನಮ್ಮ ಮನೆಯಿಂದ ಈ ವಾಸನೆ ಹೋಗುತ್ತಿತ್ತು. ಅಮ್ಮ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ನನಗೋ ಅದು ಅಪ್ಪ ಇಡೀ ದಿನ ಮನೆಯಲ್ಲಿರುತ್ತಾರೆ ಎಂಬುದರ ವಾಸನೆಯಾಗಿತ್ತು.

ಅಪ್ಪ ಉಡುಪಿ ಕಡೆಯವರು, ಚೆಂಬೂರಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. ಮರಗೆಲಸ ಅವರ ಹುಚ್ಚು. ಚಿಕ್ಕಂದಿನಲ್ಲಿ ಊರಿನ ಆಚಾರಿಯೊಬ್ಬರ ಅಂಗಳದಲ್ಲಿ ಕೂತು, ನೋಡಿ ನೋಡಿ ಕಲಿತದ್ದಂತೆ. ಕಾರ್ಖಾನೆಗೆ ಯಂತ್ರಗಳು ಬರುತ್ತಿದ್ದ ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ಅವರಿಗೆ ಬಹಳ ಅಗ್ಗಕ್ಕೆ ಸಿಗುತ್ತಿತ್ತು. ಚಾಳಿನಲ್ಲಿ ಬೆಳೆದವರಿಗೆ ಬೇರೆ ಹೇಳಬೇಕಾಗಿಲ್ಲ, ಹತ್ತಡಿ ಹನ್ನೆರಡಡಿಯ ಒಂದೇ ಕೋಣೆಯಲ್ಲಿ ಯಾವ ಸಾಮಾನಿಗೂ ಇಡೀ ದಿನ ನಿಂತಿರುವ ಹಕ್ಕಿಲ್ಲ. ನಮ್ಮಲ್ಲಿ ಎಲ್ಲವೂ ಮಡಚುತ್ತಿತ್ತು. ಮಂಚ ಬೆಳಿಗ್ಗೆ ಗೋಡೆಗೆ ಆತುಕೊಳ್ಳುತ್ತಿತ್ತು, ನಾನು ಓದಲು ಕೂರುವ ಹಲಗೆ ಊಟದ ಹೊತ್ತಿಗೆ ಮೇಲೇರುತ್ತಿತ್ತು, ಅಮ್ಮ ತರಕಾರಿ ಹೆಚ್ಚುವ ಮಣೆಗೂ ಒಂದು ಮಡಿಕೆಯಿತ್ತು. ಹೀಗೆ ಮಡಚುವುದಕ್ಕೆಲ್ಲ ಬಿಜಾಗ್ರಿ ಬೇಕಲ್ಲ! ಮರ ಅಗ್ಗ, ಮರವನ್ನು ಹಿಡಿದು ನಿಲ್ಲಿಸುವ ಕಬ್ಬಿಣವೇ ದುಬಾರಿ ಎಂದು ಅಪ್ಪ ಗೊಣಗುತ್ತಿದ್ದರು.

ಹಾಗಾಗಿ ಆ ಕಬ್ಬಿಣದಲ್ಲಿ ಉಳಿಸುವುದನ್ನು ಅವರು ಒಂದು ವಿದ್ಯೆಯನ್ನಾಗಿಯೇ ಮಾಡಿಕೊಂಡಿದ್ದರು. ಸ್ಕ್ರೂಗಳನ್ನು ಪೊಟ್ಟಣದಲ್ಲಿ ಕೊಳ್ಳುತ್ತಿರಲಿಲ್ಲ, ಬಿಡಿಯಾಗಿ ತೂಕಕ್ಕೆ ತರುತ್ತಿದ್ದರು. ಸ್ಟೇಷನ್ ಹತ್ತಿರದ ಹಾರ್ಡ್‌ವೇರ್ ಸೇಠನ ಅಂಗಡಿಯಲ್ಲಿ ಜೋಡಿ ತಪ್ಪಿದ ಬಿಜಾಗ್ರಿಗಳನ್ನು ಹಾಕುವ ಒಂದು ತಗಡಿನ ಡಬ್ಬವಿತ್ತು. ಅದರೊಳಗೆ ಮೊಣಕೈವರೆಗೆ ಕೈಯಿಳಿಸಿ ಅರ್ಧ ಗಂಟೆ ಕೆದಕುತ್ತಿದ್ದರು. ಅದೂ ಸಾಲದೆಂದು, ಕೆಡವಿದ ಕಟ್ಟಡಗಳ ಬಾಗಿಲು ಕಿಟಕಿ ಮಾರುವ ಭಂಗಾರದ ಗಲ್ಲಿಗೆ, ಅಂದರೆ ಗುಜರಿ ಓಣಿಗೆ, ಹೋಗಿ ಒಂದೊಂದು ಬಿಜಾಗ್ರಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಲಟಲಟ ಎನ್ನದ್ದನ್ನು ಮಾತ್ರ ಆರಿಸಿ ತರುತ್ತಿದ್ದರು. ಸ್ಕ್ರೂವಿನ ಸುರುಳಿಗೆ ಸ್ನಾನದ ಸೋಪಿನ ಚೂರು ಉಜ್ಜಿ ತಿರುಗಿಸಿದರೆ ಅದು ಮರದೊಳಗೆ ಬೆಣ್ಣೆಯಂತೆ ಇಳಿಯುತ್ತದೆ, ತಲೆ ಕೆಡುವುದಿಲ್ಲ, ಮುಂದೆ ಬಿಚ್ಚಿ ಇನ್ನೊಂದು ಕಡೆ ಹಾಕಬಹುದು. ಇದರ ಫಲವಾಗಿ ನಮ್ಮ ಅಡುಗೆ ಕಪಾಟಿನ ಬಾಗಿಲಿಗೆ ಮೇಲೆ ಹಿತ್ತಾಳೆಯದ್ದು, ಕೆಳಗೆ ಕಬ್ಬಿಣದ್ದು. ಎಷ್ಟು ಮುಚ್ಚಿದರೂ ಅದು ತಾನಾಗಿಯೇ ತೆರೆದುಕೊಂಡು ಅಮ್ಮನ ಭುಜಕ್ಕೆ ಬಡಿಯುತ್ತಿತ್ತು.

ಆದರೆ ಅಪ್ಪನ ಜಿಪುಣತನಕ್ಕೂ ಒಂದು ಕಟ್ಟುಪಾಡಿತ್ತು. ಮನುಷ್ಯರ ಭಾರ ಬೀಳುವಲ್ಲಿ ಹೊಸ ಬಿಜಾಗ್ರಿ, ಎಲ್ಲ ತೂತಿಗೂ ಸ್ಕ್ರೂ. ಸಾಮಾನಿನ ಭಾರಕ್ಕಾದರೆ ಹಳೆಯದು ನಡೆಯುತ್ತದೆ. ನಾವು ಮೂವರು ಮಲಗುವ ಮಂಚಕ್ಕೆ ಅಂಗಡಿಯಿಂದ ಹೊಸದನ್ನೇ ತಂದಿದ್ದರು. ನನ್ನ ಓದಿನ ಹಲಗೆಗೆ ಮಾತ್ರ ಹಳೆಯದು, ಪುಸ್ತಕ ಸಾಮಾನಿನ ಲೆಕ್ಕವಂತೆ. ನಾನು ಬರೆಯುವಾಗ ಮೊಣಕೈ ಊರಿದರೆ, "ಹಾಗೆ ಒತ್ತಬೇಡ ಮಾರಾಯ್ತಿ, ಅದು ಮನುಷ್ಯರದ್ದಲ್ಲ" ಎಂದು ಗದರುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ಅಪ್ಪನ ತಂಗಿ ವಾರಿಜತ್ತೆ ಊರಿನಿಂದ ಒಂದು ಚೀಲ ಹಿಡಿದುಕೊಂಡು ಬಂದರು. ಬೇಸರ ಕಳೆಯಲು ನಾಲ್ಕು ದಿನಕ್ಕೆ ಬಂದಿದ್ದಾಳೆ ಎಂದು ಅಪ್ಪ ಚಾಳಿನವರಿಗೆಲ್ಲ ಹೇಳಿದರು. ನಿಜವಾಗಿ ಅವರು ಗಂಡನ ಹೊಡೆತ ತಾಳಲಾರದೆ ಆ ಮನೆಯನ್ನೇ ಬಿಟ್ಟು ಬಂದಿದ್ದರು. ನನಗೆ ಗೊತ್ತಿದ್ದದ್ದು ಅವರ ಎಡಗೈ ಸರಿಯಾಗಿ ಮೇಲೇಳುವುದಿಲ್ಲ ಎಂಬುದಷ್ಟೇ. ಮನೆಗೆ ಹೊಸಬರು ಬಂದರೆಂಬ ಉಮೇದಿನಲ್ಲಿ ನಾನು ಅವರ ಕೈ ಹಿಡಿದು ಆ ಒಂದೇ ಕೋಣೆಯನ್ನು ಅರಮನೆಯಂತೆ ತೋರಿಸಿದೆ. ಮಂಚ, ಕಪಾಟು, ನನ್ನ ಹಲಗೆ, ಯಾವುದರ ಬಿಜಾಗ್ರಿ ಹೊಸದು, ಯಾವುದರದ್ದು ಹಳೆಯದು, ಅದರ ಹಿಂದಿರುವ ಅಪ್ಪನ ಕಟ್ಟುಪಾಡು, ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದೆ. ಅತ್ತೆ ನಕ್ಕು, "ನಿನ್ನ ಅಪ್ಪ ಚಿಕ್ಕಂದಿನಲ್ಲೂ ಹಾಗೆಯೇ" ಎಂದರು. ಅಷ್ಟೊಂದು ಬಾಯಿ ಬಿಡಬಾರದಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಅತ್ತೆಗೆ ಮಲಗಲು ಅಪ್ಪ ಕಿಟಕಿಯ ಕೆಳಗೆ ಗೋಡೆಗೆ ಮಡಚುವ ಒಂದು ಹಲಗೆ ಮಾಡಿದರು. ಆಸರೆಗೆ ಕೆಳಗೊಂದು ಮಡಚುವ ಕಾಲು. ಬಿಜಾಗ್ರಿ ಮಾತ್ರ ಭಂಗಾರದ ಗಲ್ಲಿಯದ್ದು. ಸೋಪಿನ ಚೂರು ಹಿಡಿದು ಪಕ್ಕದಲ್ಲೇ ಕೂತಿದ್ದ ನಾನು ನೋಡುತ್ತಿದ್ದೆ, ಗೋಡೆಯ ಕಡೆ ನಾಲ್ಕು ತೂತುಗಳಲ್ಲಿ ಎರಡಕ್ಕಷ್ಟೇ ಸ್ಕ್ರೂ ಬಿತ್ತು.

"ಅಪ್ಪ, ಎರಡು ತೂತು ಖಾಲಿ ಉಂಟಲ್ಲ?"

"ಸಾಕು. ಎಷ್ಟು ದಿನಕ್ಕೆ ಇದು? ಆಮೇಲೆ ತೆಗೀಲಿಕ್ಕೂ ಸುಲಭ ಆಗ್ತದೆ."

ಅಪ್ಪ ಕೆಟ್ಟವರಲ್ಲ. ಭಾವನಿಗೆ ಕಾಗದದ ಮೇಲೆ ಕಾಗದ ಬರೆಯುತ್ತಿದ್ದರು, ಇವತ್ತಲ್ಲ ನಾಳೆ ಎಲ್ಲ ಸರಿಹೋಗಿ ತಂಗಿ ವಾಪಸ್ ಹೋಗುತ್ತಾಳೆ ಎಂದು ನಂಬಿದ್ದರು. ತಂಗಿಗೆ ಒಳ್ಳೆಯದಾಗುವುದೆಂದರೆ ಅದೇ ಎಂದುಕೊಂಡಿದ್ದರು. ಆದರೆ ಹತ್ತಡಿಯ ಕೋಣೆಯಲ್ಲಿ ಆಡಿದ ಮಾತು ಎಲ್ಲಿಗೆ ಹೋದೀತು? ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ಒಂದು ಕ್ಷಣ ನಿಂತು, ಮತ್ತೆ ಆರಿಸತೊಡಗಿತು. ಆಮೇಲೆ ಅವರು ಆ ಹಲಗೆಯ ಮೇಲೆ ಕೂರುವಾಗ ಪಾದಗಳನ್ನು ನೆಲಕ್ಕೆ ಬಲವಾಗಿ ಊರಿ, ಅರ್ಧ ಭಾರವನ್ನು ಕಾಲಿನ ಮೇಲೆಯೇ ಇಟ್ಟುಕೊಂಡು ಕೂರುತ್ತಿದ್ದರು. ಬಸ್ಸು ಬಂದರೆ ಥಟ್ಟನೆ ಏಳಬೇಕಾದವರು ಕೂರುವುದಿಲ್ಲವೇ, ಹಾಗೆ.

ಎರಡು ತಿಂಗಳೊಳಗೆ ಅವರು ತಾವೇ ವಿಚಾರಿಸಿ, ಔಷಧದ ಬಾಟಲಿಗಳಿಗೆ ಲೇಬಲ್ ಅಂಟಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಹಿಡಿದರು. ಮೊದಲ ಸಂಬಳ ಬಂದ ಶನಿವಾರ ಸಂಜೆ ನನ್ನನ್ನು ಕರೆದುಕೊಂಡು ಪೇಟೆಗೆ ಹೊರಟಾಗ ನನಗೆ ಪೇಡೆಯ ಆಸೆ. ಅವರು ಹೋದದ್ದು ಹಾರ್ಡ್‌ವೇರ್ ಸೇಠನ ಅಂಗಡಿಗೆ. ನನ್ನ ಗುರುತು ಹಿಡಿದ ಸೇಠ ನಗುತ್ತ ತಗಡಿನ ಡಬ್ಬವನ್ನೇ ಮುಂದೆ ತಳ್ಳಿದ. ಅತ್ತೆ ಅದನ್ನು ಹಿಂದಕ್ಕೆ ಸರಿಸಿ, ಆಗಷ್ಟೇ ಕಲಿಯುತ್ತಿದ್ದ ಹಿಂದಿಯಲ್ಲಿ, "ಯೇ ನಹೀಂ. ನಯಾ. ಪೂರಾ ಸ್ಕ್ರೂ ಕೆ ಸಾಥ್" ಎಂದು, ಹೊಸದನ್ನೇ ಎಲ್ಲ ಸ್ಕ್ರೂಗಳ ಸಮೇತ ಕೇಳಿದರು. ಅವನು ಎಣ್ಣೆ ಕಾಗದದಲ್ಲಿ ಸುತ್ತಿದ್ದ ಒಂದು ಜೊತೆಯನ್ನು ತೆಗೆದು, ರೇಟು ಹೇಳಿದ. ಅತ್ತೆ ಸೆರಗಿನ ಗಂಟು ಬಿಚ್ಚಿದರು.

ನಾನು ಅವರ ಕೈ ಹಿಡಿದು ಜಗ್ಗಿದೆ. "ಅತ್ತೆ, ಕಮ್ಮಿ ಮಾಡ್ಲಿಕ್ಕೆ ಹೇಳಿ! ಅಪ್ಪ ಬೈತಾರೆ."

"ಇವತ್ತು ಬೇಡ ಮಗಾ" ಎಂದರು ಅತ್ತೆ.

ಮನೆಗೆ ಬಂದವರೇ ಆ ಪೊಟ್ಟಣವನ್ನು ಚಹಾ ಕುಡಿಯುತ್ತಿದ್ದ ಅಪ್ಪನ ಮುಂದಿಟ್ಟರು. "ಅಣ್ಣ, ನನ್ನ ಹಲಗೆಗೆ ಇದನ್ನು ಹಾಕಿ ಕೊಡು. ಎಲ್ಲ ತೂತಿಗೂ ಸ್ಕ್ರೂ ಹಾಕು. ನಾನು ವಾಪಸ್ ಹೋಗುವುದಿಲ್ಲ."

ಅಪ್ಪ ಪೊಟ್ಟಣ ಬಿಚ್ಚಿದರು. ಹೊಸ ಬಿಜಾಗ್ರಿಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು, ಗೋಡೆಯ ಕಡೆ ನೋಡಿದರು, ಆಮೇಲೆ ತಲೆ ತಗ್ಗಿಸಿದರು. ಅತ್ತೆ ನಿಂತೇ ಇದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಅಪ್ಪ ಬೇಡವೆಂದುಬಿಟ್ಟರೆ ಅವರಿಗೆ ಈ ಮುಂಬಯಿಯಲ್ಲಿ ಬೇರೆ ಬಾಗಿಲಿಲ್ಲ ಎಂಬುದು ಹತ್ತು ವರ್ಷದ ನನಗೂ ಅರ್ಥವಾಗಿ ಅಳು ಬಂತು.

"ನಾಳೆ ಆದಿತ್ಯವಾರ, ನಾಳೆ ನೋಡುವ" ಎಂದರು ಅಪ್ಪ, ಕೊನೆಗೆ.

ಒಲೆಯ ಮುಂದಿದ್ದ ಅಮ್ಮ ಇತ್ತ ತಿರುಗಿಯೂ ನೋಡದೆ, "ನಾಳೆ ಎಂತಕ್ಕೆ? ಈಗಲೇ ಹಾಕಿ. ಅವಳು ಕೂತದ್ದನ್ನು ನೋಡಿ ನೋಡಿ ನನ್ನ ಸೊಂಟ ನೋಯ್ತಾ ಉಂಟು" ಎಂದರು.

ಅಪ್ಪ ಎದ್ದರು. ನಾನು ಓಡಿಹೋಗಿ ಸೋಪಿನ ಚೂರು ತಂದೆ. ಒಂದೊಂದು ಸ್ಕ್ರೂವನ್ನೂ ಅವರು ಹಲ್ಲು ಕಚ್ಚಿ ಕೊನೆಯ ಸುತ್ತಿನವರೆಗೂ ಬಿಗಿದರು. ಎಲ್ಲ ಮುಗಿದ ಮೇಲೆ ತಾವೇ ಅದರ ಮೇಲೆ ಹತ್ತಿ ಕೂತು ನೋಡಿ, "ನನಗೆ ಬುದ್ಧಿ ಇಲ್ಲ, ವಾರಿಜ" ಎಂದರು. ಅವರ ಕಣ್ಣು ತುಂಬಿತ್ತು. "ಬುದ್ಧಿ ಇಲ್ಲದ್ದು ಅಲ್ಲ, ಜಾಸ್ತಿ ಆದದ್ದು" ಎಂದರು ಅತ್ತೆ, ಮತ್ತು ಅಣ್ಣನ ಪಕ್ಕದಲ್ಲಿ ಕಾಲು ಮೇಲೆ ಮಡಚಿಕೊಂಡು, ಪೂರ್ತಿಯಾಗಿ, ಕೂತರು.

ಅಲ್ಲಿಂದ ಮುಂದೆ ಊರಿಗೆ ಕಾಗದ ಹೋಗಲಿಲ್ಲ. ಅತ್ತೆ ಇಪ್ಪತ್ತೆರಡು ವರ್ಷ ನಮ್ಮೊಂದಿಗಿದ್ದರು. ಭಾನುವಾರ ಅಣ್ಣ ತಂಗಿ ಇಬ್ಬರೂ ಸೇರಿ ಭಂಗಾರದ ಗಲ್ಲಿಗೆ ಹೋಗತೊಡಗಿದರು. ಚೌಕಾಸಿಯಲ್ಲಿ ಅತ್ತೆ ಅಪ್ಪನನ್ನೂ ಮೀರಿಸಿದರು. ಅಪ್ಪ ಮುಜುಗರಪಟ್ಟು ನಾಲ್ಕು ಅಂಗಡಿ ದೂರ ಹೋಗಿ ನಿಲ್ಲುವಷ್ಟು. ನನ್ನ ಮದುವೆಗೆ ಇಬ್ಬರೂ ಕೂಡಿ ಒಂದು ಕಪಾಟು ಮಾಡಿದರು. ಅದರ ಒಂದು ಬಾಗಿಲು ಇಂದಿಗೂ ಸರಿಯಾಗಿ ಮುಚ್ಚುವುದಿಲ್ಲ, ನಾನು ಸರಿಮಾಡಿಸಿಲ್ಲ.

ಅತ್ತೆ ಆ ಹಲಗೆಯ ಮೇಲೆಯೇ, ಒಂದು ಮಧ್ಯಾಹ್ನ, ಕಾಯಿಲೆಯೆಂದು ಯಾರಿಗೂ ತೊಂದರೆ ಕೊಡದೆ ಹೋದರು. ಅದಾಗಿ ಎರಡು ವರ್ಷಕ್ಕೆ ಚಾಳನ್ನು ಕೆಡವಿ ಬಿಲ್ಡಿಂಗ್ ಕಟ್ಟುವುದೆಂದು ತೀರ್ಮಾನವಾಯಿತು. ಮನೆ ಖಾಲಿ ಮಾಡುವ ದಿನ ನಾನೂ ಹೋಗಿದ್ದೆ. ಅಪ್ಪ ಬೆಳಿಗ್ಗೆಯಿಂದ ಒಂದೊಂದಾಗಿ ಬಿಚ್ಚುತ್ತಿದ್ದರು. ಮಂಚದ್ದು, ಕಪಾಟಿನದ್ದು, ಬಾಗಿಲ ಚಿಲಕ, ಗೋಡೆಯ ಕೊಕ್ಕೆ, ಏನನ್ನೂ ಬಿಡಲಿಲ್ಲ. ಹೊಸ ಮನೆಗೆ ಬೇಕಾಗುತ್ತದಂತೆ. ಕೊನೆಗೆ ಕಿಟಕಿಯ ಕೆಳಗಿನ ಹಲಗೆ ಉಳಿಯಿತು.

"ವಾರಿಜನದ್ದೂ ತೆಗೀರಿ. ಈ ಮನೆಯಲ್ಲಿ ಒಳ್ಳೆಯದು ಅಂತ ಇರುವುದು ಅದೊಂದೇ ಜೊತೆ" ಎಂದರು ಅಮ್ಮ.

ಅಪ್ಪ ಮೊಣಕಾಲೂರಿ ಸ್ಕ್ರೂಡ್ರೈವರನ್ನು ಸ್ಕ್ರೂವಿನ ತಲೆಗೆ ಇಟ್ಟರು. ಬಹಳ ಹೊತ್ತು ಹಾಗೇ ಹಿಡಿದಿದ್ದರು, ತಿರುಗಿಸಲಿಲ್ಲ. "ಹೋಗುವುದಿಲ್ಲ ಅಂತ ಹೇಳಿ ಹಾಕಿಸಿದ್ದು ಅವಳು" ಎಂದರು. "ನಾನು ಹೇಗೆ ತೆಗೆಯುವುದು?"

ಆಮೇಲೆ ಅವರು ಎದ್ದು ಹಲಗೆಯನ್ನು ಇಳಿಸಿ, ಅದರ ಕಾಲನ್ನು ನೇರ ಮಾಡಿ, ಹೆಗಲ ಟವೆಲಿನಿಂದ ಧೂಳು ಒರೆಸಿದರು. ಮತ್ತೆ ಮಡಚಲಿಲ್ಲ. ನಡುಹಗಲಿನಲ್ಲಿ ಆ ಕೋಣೆಯಲ್ಲಿ ಹಲಗೆ ಹಾಗೆ ಇಳಿದಿದ್ದದ್ದನ್ನು ನಾನು ನೋಡಿದ್ದು ಎರಡೇ ಸಲ, ಅತ್ತೆ ಹೋದ ದಿನ ಮತ್ತು ಅವತ್ತು. ಓಡಾಡಲು ಅಡ್ಡವಾಗುತ್ತದೆ ಎಂದು ಅಮ್ಮ ಅನ್ನಲಿಲ್ಲ. ನಾವು ಮೂವರೂ ಅದಕ್ಕೆ ತಾಗದಂತೆ ಸುತ್ತಿಕೊಂಡು ಮೆಲ್ಲಗೆ ಹೊರಗೆ ಬಂದೆವು.