ಬಲಗಡೆಯ ಜೇಬು

ಮೊನ್ನೆ ಒಂದು ವಾಚನಾಲಯದ ಸಭೆಗೆ ನನ್ನನ್ನು ಕರೆದಿದ್ದರು. ಬೇರೆ ಯಾರೂ ಸಿಗದಿದ್ದಾಗ ಎಲ್ಲರಿಗೂ ಮೊದಲು ನೆನಪಾಗುವುದು ನಾನೇ. ರುಜು ಹಾಕಿ, ದೊಡ್ಡ ಮನುಷ್ಯನ ಗತ್ತಿನಲ್ಲಿ ಪೆನ್ನನ್ನು ಎದೆಯ ಎಡಭಾಗಕ್ಕೆ ಸಿಕ್ಕಿಸಿಕೊಂಡೆ. ಅಲ್ಲಿ ಜೇಬಿರಲಿಲ್ಲ. ಪೆನ್ನು ನನ್ನ ಹೊಟ್ಟೆಯ ಇಳಿಜಾರಿನಲ್ಲಿ ಜಾರುಬಂಡೆಯಾಡಿ, ಪಕ್ಕದಲ್ಲಿದ್ದ ಅಧ್ಯಕ್ಷರ ಕಾಫಿ ಲೋಟದೊಳಗೆ ತಲೆಕೆಳಗಾಗಿ ನಿಂತಿತು. ಅವರು ಲೋಟವನ್ನೂ ನನ್ನನ್ನೂ ಒಮ್ಮೆ ನೋಡಿ, "ಸಕ್ಕರೆ ಕಲಕಿದಿರಾ?" ಅಂದರು. ಆ ದಿನದ ಸಭೆಯಲ್ಲಿ ಬಿದ್ದ ಒಂದೇ ಒಂದು ಚಪ್ಪಾಳೆ ಅದಕ್ಕೆ.

ಅಂಗಿಗೆ ಜೇಬೇ ಇರಲಿಲ್ಲವೆಂದಲ್ಲ. ಇತ್ತು, ಬಲಗಡೆ. ನಮ್ಮ ಬೀದಿಯ ಗಂಡಸರ ಅಂಗಿಗಳಿಗೆಲ್ಲ ಜೇಬು ಬಲಗಡೆಯೇ. ಜಾತ್ರೆಯಷ್ಟು ಜನ ಸೇರಿದ್ದರೂ ನಮ್ಮವರನ್ನು ಹುಡುಕುವುದು ಸುಲಭ. ಎಡಗೈಯಲ್ಲಿ ಜೇಬು ತಡಕುತ್ತಾ ನಿಂತವರೆಲ್ಲ ನಮ್ಮವರು. ಇದರ ಹಿಂದಿರುವವರು ನಾಳೆ ಮಾಸ್ಟರು.

ಮಾಸ್ಟರು ನಮ್ಮ ಬೀದಿಯ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾರು ಯಾವ ಬಟ್ಟೆ ಕೇಳಿದರೂ ತಲೆ ಎತ್ತದೆ "ನಾಳೆ ಬನ್ನಿ" ಎನ್ನುತ್ತಿದ್ದುದರಿಂದ ಆ ಬಿರುದು. ನನ್ನ ಮದುವೆಗೆಂದು ಕೊಟ್ಟ ಕೋಟು ಕೈಗೆ ಬರುವ ಹೊತ್ತಿಗೆ ನನ್ನ ಮಗ ನಡೆಯುತ್ತಿದ್ದ. ಆದರೆ ಹೊಲಿಗೆ ಮಾತ್ರ ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ಗುರುತು ಹಾಕುವ ಸೀಮೆಸುಣ್ಣ ಅವರ ಬಲಗೈಯಿಂದ ಜಾರಿತು. ಎತ್ತಿಕೊಂಡರು, ಮತ್ತೆ ಜಾರಿತು. ಆಮೇಲೆ ಮಾಸ್ಟರೇ ಜಾರಿದರು. ಲಕ್ವ. ಆಸ್ಪತ್ರೆಯಿಂದ ವಾಪಸು ಬಂದಾಗ ಬಲಗಾಲು ಅರ್ಧ ಮಾತು ಕೇಳುತ್ತಿತ್ತು, ಬಲಗೈ ಏನೂ ಕೇಳುತ್ತಿರಲಿಲ್ಲ, ಮಾತಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಮಾಸ್ಟರ ಹೆಂಡತಿಯನ್ನು ನಾವೆಲ್ಲ ಕರೆಯುವುದು ಅಕ್ಕ ಎಂದು. ಅವರು ಹೊಲಿಗೆ ಮಿಷನ್ನಿನ ಮೇಲೆ ಹಳೆಯ ಸೀರೆ ಹೊದಿಸಿದರು. ಹೆಣಕ್ಕೆ ಹೊದಿಸಿದಂತೆ ಕಂಡು, ಮರುಕ್ಷಣವೇ ತೆಗೆದರು.

ಅಕ್ಕನ ತಮ್ಮ ಲಗೇಜ್ ಆಟೋ ಓಡಿಸುವವನು. ಮನಸ್ಸಿಗೆ ಬಂದದ್ದನ್ನು ನಾಲಿಗೆಗೆ ತರುವ ಮುಂಚೆ ತೂಗುವ ಅಭ್ಯಾಸ ಅವನಿಗಿಲ್ಲ. ಭಾವನ ಮಂಚದ ಪಕ್ಕದಲ್ಲೇ ಕೂತು ಅಂದ: "ಅಕ್ಕಾ, ಮಿಷನ್ ಸುಮ್ನೆ ತುಕ್ಕು ಹಿಡೀತಿದೆ. ಕೇಳೋರು ಸಿಕ್ಕಿದಾರೆ. ಕೊಟ್ಬಿಡೋಣ."

"ಇರೋ. ಅದರ ಮೇಲೆ ಇವರು ಇನ್ನೊಂದು ಅಂಗಿ ಹೊಲೀಲಿ. ಆಮೇಲೆ ನೋಡೋಣ."

"ಯಾವಾಗ ಹೊಲೀತಾರೆ?"

ಮಂಚದಿಂದ ಒಂದು ಸದ್ದು ಬಂತು. ಇಬ್ಬರೂ ತಿರುಗಿದರು. ಮಾಸ್ಟರು ಬಾಯನ್ನು ಒಂದು ಕಡೆಗೆ ಎಳೆದುಕೊಂಡು ಮತ್ತೆ ಹೇಳಿದರು: "ನಾಳೆ."

ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಸ್ಪಷ್ಟವಾಗಿ ಬಂದ ಮೊದಲ ಮಾತು ಅದು. ತಮ್ಮನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ನಗಲು ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕೊನೆಗೆ ತಮ್ಮನೇ ಷರತ್ತು ಹಾಕಿದ: ಹೊಲಿಯಬೇಕಾದ ಅಂಗಿ ತನ್ನದೇ, ಬಟ್ಟೆಯೂ ತನ್ನದೇ. ಯಾರ ಕೈಯೂ ಸೋಕದೆ ಭಾವನೇ ಹೊಲಿದು ಮುಗಿಸಿದರೆ ಮಿಷನ್ ಇಲ್ಲೇ ಇರುತ್ತದೆ. ಆಗಲಿಲ್ಲವೋ, ಆಟೋಗೆ ಹೇರುವುದೇ. ಅಲ್ಲಿಂದ ಮುಂದೆ ಬಂದಾಗಲೆಲ್ಲ ಆಟೋವನ್ನು ಹಿಮ್ಮುಖವಾಗಿ ತಂದು, ಹಿಂದಿನ ಬಾಗಿಲು ಅಂಗಡಿಯ ಕಡೆಗಿರುವಂತೆ ನಿಲ್ಲಿಸುತ್ತಿದ್ದ. ಮಾಸ್ಟರು ಕಿಟಕಿಯಿಂದ ಅದನ್ನು ನೋಡಿ ಹಲ್ಲು ಕಚ್ಚುತ್ತಿದ್ದರು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ಹಿಸುಕಲೆಂದು ಒಂದು ರಬ್ಬರ್ ಚೆಂಡು ಕೊಟ್ಟಳು. ಮಾಸ್ಟರಿಗೆ ಚೆಂಡೆಂದರೆ ಅವಮಾನ. ಅಕ್ಕ ಚಿಂದಿಗಳನ್ನು ಸುತ್ತಿ ಉಂಡೆ ಮಾಡಿಕೊಟ್ಟ ಮೇಲೆ ಹಿಸುಕಿದರು; ಬಟ್ಟೆಯಲ್ಲವೇ. ಉಂಡೆ ಆದ ಮೇಲೆ ಗುಂಡಿಗಳು. ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಹೆಕ್ಕಿ ಹಾಕುವುದು, ನೆಲಕ್ಕೆ ಬಿದ್ದದ್ದನ್ನು ಅಕ್ಕ ಆರಿಸಿಕೊಡುವುದು. ಬಲಗೈ ಇಷ್ಟಕ್ಕೇ ಸುಸ್ತಾಗುತ್ತಿದ್ದುದರಿಂದ ಕತ್ತರಿಯನ್ನು ಎಡಗೈಗೆ ಕೊಟ್ಟರು. ಬಲಗೈಯವರ ಕತ್ತರಿ ಎಡಗೈಗೆ ಹೋದರೆ ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಸಾಣೆ ಹಿಡಿಯುವವನು ಇದನ್ನು ನೋಡಿ, ಎಲ್ಲೆಲ್ಲೋ ಅಲೆದು, ಎಡಗೈಯವರ ಕತ್ತರಿಯೊಂದನ್ನು ತಂದು ಹರಿತ ಮಾಡಿ ಕಟ್ಟೆಯ ಮೇಲಿಟ್ಟು ಹೋದ. ಇವತ್ತಿಗೂ ಅವನು ಬೀದಿಗೆ ಬಂದರೆ ಅಕ್ಕ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಹೊರಗೆ ಬರುತ್ತಾರೆ.

ಮೊದಲು ಹಳೆಯ ಪತ್ರಿಕೆಗಳು, ಆಮೇಲೆ ಹಾಸಿಗೆಯ ಹೊದಿಕೆಗಳು, ಅವು ಮುಗಿದ ಮೇಲೆ ಕಿಟಕಿಯ ಪರದೆಗಳು ಕತ್ತರಿಗೆ ಆಹುತಿಯಾದವು. ಸೀಮೆಸುಣ್ಣದ ಗೆರೆ ಕುಡುಕ ಮನೆಗೆ ಹೊರಟ ದಾರಿಯಂತಿರುತ್ತಿತ್ತು. ಪರದೆಯಿಲ್ಲದ ಕಿಟಕಿ ನೋಡಿ ಎದುರುಮನೆಯಾಕೆ ಕೇಳಿದ್ದಕ್ಕೆ ಅಕ್ಕ, "ನೋಡೋರು ನೋಡ್ಲಿ ಬಿಡಿ. ಇವರು ನನ್ನ ಹತ್ರ ಬೈಸ್ಕೊಳ್ಳೋದು ಬಿಟ್ರೆ ಒಳಗೆ ಇನ್ನೇನು ನಡೆಯುತ್ತೆ?" ಅಂದರಂತೆ.

ಎಲ್ಲಕ್ಕಿಂತ ಗಟ್ಟಿ ಗಂಟು ಮಿಷನ್ನಿನ ಚಕ್ರ. ಅದಿರುವುದು ಬಲಗಡೆ. ಕಾಲಿನಿಂದ ತುಳಿಯುವ ಮುಂಚೆ ಬಲಗೈಯಿಂದ ಅದನ್ನು ಸ್ವಲ್ಪ ಮುಂದಕ್ಕೆ ದೂಡಬೇಕು. ಇಲ್ಲದಿದ್ದರೆ ಅದು ಹಿಂದಕ್ಕೆ ತಿರುಗಿ ದಾರ ಕಿತ್ತುಹೋಗುತ್ತದೆ. ಮಾಸ್ಟರು ತುಳಿಯುತ್ತಿದ್ದರು, ದಾರ ಕಿತ್ತುಹೋಗುತ್ತಿತ್ತು. ಮತ್ತೆ ಪೋಣಿಸುತ್ತಿದ್ದರು, ಮತ್ತೆ ಕಿತ್ತುಹೋಗುತ್ತಿತ್ತು. ಬಾಗಿಲಲ್ಲಿ ನಿಂತ ಅಕ್ಕನಿಗೆ ಒಂದೇ ಒಂದು ಬೆರಳು ಚಾಚಿ ಚಕ್ರ ತಿರುಗಿಸಿಬಿಡೋಣ ಅನಿಸುತ್ತಿತ್ತು. ಸೋಕಿದರೆ ಅಂಗಿ ಅವರದಾಗುವುದಿಲ್ಲವೆಂದೂ ಗೊತ್ತಿತ್ತು. ಹಾಗನಿಸಿದಾಗಲೆಲ್ಲ ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದರು. ಆ ವರ್ಷ ಅವರ ಮನೆಯಲ್ಲಿ ನೆಗ್ಗದ ಪಾತ್ರೆ ಒಂದೂ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಪಾತ್ರೆ ಕುಕ್ಕುತ್ತಿದ್ದಾಗ ಮುಂದಿನ ಕೋಣೆಯಿಂದ ಹಳೆಯ ಸದ್ದು ಕೇಳಿತು. ಟಕಟಕಟಕ, ಒಂದು ಗೇಣು. ನಿಂತಿತು. ಮತ್ತೆ ಒಂದು ಗೇಣು. ಮಾಸ್ಟರ ಬಲ ಅಂಗೈ ಚಕ್ರದ ಮೇಲೆ ಕೂತಿತ್ತು. ತಿರುಗಿಸಿದ್ದು ಕೈಯೋ ಕೈಯ ಭಾರವೋ ಯಾರಿಗೆ ಬೇಕು? ಅಕ್ಕ ಹೋಗಿ ನೋಡಲಿಲ್ಲ. ನೋಡಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಅಡುಗೆಮನೆಯ ನೆಲದ ಮೇಲೆ ಕೂತು ಕೇಳಿದರು. ಅಂಥ ಸಂಗೀತ ತಾನು ಹುಟ್ಟಿದ ಮೇಲೆ ಕೇಳಿಲ್ಲ ಅನ್ನುತ್ತಾರೆ.

ಅಂಗಿ ಮುಗಿಯಿತು. ತಮ್ಮ ಬಂದ, ಆಟೋವನ್ನು ಎಂದಿನಂತೆ ಹಿಮ್ಮುಖವಾಗಿ ನಿಲ್ಲಿಸಿ ಒಳಗೆ ಬಂದು, ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಮಾಸ್ಟರು ತಲೆ ಬಗ್ಗಿಸಿ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು. ತಮ್ಮನೋ ತಲೆ ಬಾಚಿ, ಬಾಚಣಿಗೆಯನ್ನು ಎದೆಯ ಎಡಕ್ಕೆ ಇಳಿಬಿಟ್ಟ. ಅದು ಟಪ್ಪೆಂದು ನೆಲಕ್ಕೆ ಬಿತ್ತು. ಎಡಗೈಯಲ್ಲಿ ಕೆಲಸ ಮಾಡಲು ಬಟ್ಟೆಯನ್ನೆಲ್ಲ ತಿರುವಿ ಹಾಸಿಕೊಂಡಿದ್ದಾಗ ಜೇಬಿನ ಗುರುತು ಆಚೆ ತುಂಡಿಗೆ ಬಿದ್ದು, ಜೇಬು ಬಲಗಡೆ ಕೂತಿತ್ತು. ಅಕ್ಕ ತಮ್ಮನ ಕಡೆಗೇ ನೋಡಿದರು. ಈ ಹುಡುಗನ ಬಾಯಿ ಅವರಿಗೆ ಗೊತ್ತು.

ಹುಡುಗ ಬಗ್ಗಿ ಬಾಚಣಿಗೆ ಎತ್ತಿಕೊಂಡ. ಅಕ್ಕನ ಮುಖ ನೋಡಿದ. "ಥತ್, ಇವತ್ತು ನನ್ನ ಕೈಯೇ ಸರಿ ಇಲ್ಲ," ಎಂದು ಅದನ್ನು ಬಲಗಡೆಗೆ ಸಿಕ್ಕಿಸಿದ. "ಭಾವ, ಕಾಲರ್ ಭರ್ಜರಿಯಾಗಿ ಕೂತಿದೆ. ಇಂಥದ್ದೇ ಇನ್ನೊಂದು ಹೊಲೀರಿ."

ಖಾಲಿ ಆಟೋ ಹತ್ತಿ ಹೋದವನು ಸೀದಾ ಕ್ಷೌರದಂಗಡಿಗೆ ಹೋದ. ಅಲ್ಲಿದ್ದವರಿಗೆಲ್ಲ, ಜೇಬಿನ ವಿಷಯ ಯಾರಾದರೂ ಉಸಿರೆತ್ತಿದರೆ ಅವರ ಮನೆ ಸಾಮಾನು ಈ ಜನ್ಮದಲ್ಲಿ ಸಾಗಿಸುವುದಿಲ್ಲವೆಂದು ಹೇಳಿದ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವನು ನಾನು. ನೊರೆಯ ಸಮೇತ ಒಪ್ಪಿಕೊಂಡೆ. ವಾರ ಕಳೆಯುವುದರೊಳಗೆ ಬೀದಿಗೆ ಬೀದಿಯೇ ಬಟ್ಟೆ ಹಿಡಿದು ಮಾಸ್ಟರ ಬಾಗಿಲಲ್ಲಿತ್ತು. "ನಾಳೆ ಬನ್ನಿ" ಅನ್ನಿಸಿಕೊಂಡು ಅಷ್ಟು ಖುಷಿಯಾಗಿ ಮನೆಗೆ ಹೋದ ಗಿರಾಕಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊಸ ಅಂಗಿ ಹಾಕಿಕೊಂಡು ಯಾರೇ ಅಂಗಡಿಯ ಮುಂದೆ ಹಾದುಹೋದರೂ ಅಕ್ಕ ಒಳಗಿನಿಂದಲೇ ಕೈ ಮುಗಿಯುತ್ತಿದ್ದರು. ಬೀದಿಗೆಲ್ಲ ಗೊತ್ತಿರುವ ವಿಷಯ ಗಂಡನಿಗೆ ಗೊತ್ತಾಗದಿರಲಿ ಎಂಬುದೊಂದೇ ಅವರ ಬೇಡಿಕೆ.

ಈಗ ಮಾಸ್ಟರು ಬಲಗೈಯಲ್ಲೇ ಸೂಜಿಗೆ ದಾರ ಪೋಣಿಸುತ್ತಾರೆ. ಆದರೂ ಜೇಬು ಬಲಗಡೆಯೇ. ಪೆನ್ನಿನ ಪ್ರಸಂಗ ಆದ ಮೇಲೆ, ಇನ್ನಾದರೂ ಮೆಲ್ಲಗೆ ವಿಷಯ ತೆಗೆಯೋಣವೆಂದು ಹೋದೆ. ಅವರು ನನ್ನ ಹೊಟ್ಟೆಯ ಸುತ್ತ ಟೇಪು ಹಿಡಿದು ನಿಟ್ಟುಸಿರು ಬಿಡುತ್ತಿದ್ದಾಗ ಯಾರೋ ಬೇರೆ ಬಡಾವಣೆಯವರು ಬಂದು ತಮ್ಮ ಅಂಗಿ ತೆಗೆದುಕೊಂಡು ಹೋದರು. ಹೋಗುವ ಮುಂಚೆ ಅವರು ಅದನ್ನು ಬಿಡಿಸಿ ನೋಡಿದಾಗ ಕಣ್ಣಾರೆ ಕಂಡೆ. ಜೇಬು ಎಡಗಡೆ ಇತ್ತು.

"ಮಾಸ್ಟ್ರೇ," ಎಂದೆ, ಒಳಗಿದ್ದ ಅಕ್ಕನಿಗೆ ಕೇಳಿಸದಂತೆ. "ನಮ್ಮ ಜೇಬಿನ ವಿಷಯ ನಿಮಗೆ ಗೊತ್ತಾ?"

"ಬಾಚಣಿಗೆ ಬಿದ್ದ ಸದ್ದು ಕೇಳಿಸ್ತಲ್ಲ ಸಾರ್. ಲಕ್ವ ಹೊಡೆದಿದ್ದು ಕೈಗೆ, ಕಿವಿಗಲ್ಲ."

"ಮತ್ತೆ ಇಷ್ಟು ದಿನ ಯಾಕೆ ಸರಿ ಮಾಡಲಿಲ್ಲ?"

ಮಾಸ್ಟರು ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಇಡೀ ಬೀದಿ ಸೇರಿ ಇಷ್ಟು ಕಷ್ಟಪಟ್ಟು ಗುಟ್ಟು ಕಾಪಾಡ್ತಿದೆ. ಮಧ್ಯೆ ಬಾಯಿ ಹಾಕೋಕೆ ನಾನ್ಯಾರು ಸಾರ್?"