ದಾದಿಯ ಶರಬತ್ತು, ಮಾಸ್ತರರ ದುರ್ಬೀನು

ಆಗ ಮುಂಬಯಿಯ ಕುರ್ಲಾದ ನಮ್ಮ ಚಾಳಿನಲ್ಲಿ ನಲ್ಲಿಗೆ ನೀರು ಬಂತೆಂದರೆ ಹಬ್ಬ ಬಂದಂತೆ. ಕೊಡಗಳ ಸದ್ದಿಗೇ ನಮಗೆ ಎಚ್ಚರ. ಆದರೆ ನಿಜವಾದ ನೀರಿನ ಹಬ್ಬ ಮೊಹರಮ್ಮಿನ ಹತ್ತನೇ ದಿನ. ಅವತ್ತು ನನ್ನ ದಾದಿ, ಅಂದರೆ ಅಪ್ಪನ ತಾಯಿ, ಚಾಳಿನ ಬಾಗಿಲಲ್ಲಿ ಹಂಡೆ ಇಟ್ಟು ಹೋಗಿಬರುವವರಿಗೆಲ್ಲ ಬೆಲ್ಲದ ಶರಬತ್ತು ಕೊಡುತ್ತಿದ್ದಳು. ಬಡೇಸೋಪು, ಏಲಕ್ಕಿ, ಮೇಲೆ ತೇಲುವ ಬರ್ಫು, ಅಂದರೆ ಮಂಜುಗಡ್ಡೆ. ಕರ್ಬಲಾದ ಕಾಳಗದಲ್ಲಿ ನೀರಿಲ್ಲದೆ ಸತ್ತ ಕೂಸುಗಳ ನೆನಪಿಗೆ ಅದು. ಅಪ್ಪ ಸಣ್ಣವನಿದ್ದಾಗ ಜ್ವರದಿಂದ ಉಳಿದದ್ದಕ್ಕೆ ದಾದಿ ಹೊತ್ತ ಹರಕೆಯೂ ಹೌದು. ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದಮೇಲೂ ಒಂದು ವರ್ಷ ತಪ್ಪಿಸಿರಲಿಲ್ಲ.

ಆ ವರ್ಷ ಮೊಹರಂ ಮಳೆಗಾಲದಲ್ಲಿ ಬಂತು. ಚಾಳಿನ ನೀರಿನ ಟಾಕಿಗೆ ಗಟಾರದ ನೀರು ಸೇರಿತೋ ಏನೋ, ಚಾಳಿನ ಮಕ್ಕಳಿಗೆಲ್ಲ ವಾಂತಿಭೇದಿ. ನನ್ನ ಗೆಳತಿ ಶೋಭಾ ಆಸ್ಪತ್ರೆಯಲ್ಲಿ ಸಲಾಯಿನ್ ಹಾಕಿಸಿಕೊಂಡು ಮಲಗಿದ್ದಳು. ಹಬ್ಬದ ಹಿಂದಿನ ದಿನ ಗ್ಯಾಲರಿಯ ಕೊನೇ ಖೋಲಿಯ ಮೂರ್ತಿ ಮಾಸ್ತರರು ಬಂದರು. ಮೈಸೂರಿನವರು, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ದೇವರ ಸುದ್ದಿ ಎತ್ತಿದರೆ ನಗುವವರು.

“ದಾದಿ, ಈ ಸಲ ಶರಬತ್ತು ಬೇಡಿ. ನೀರು ಕೆಟ್ಟಿದೆ.”

“ದುವಾ ಓದಿ ಊದಿದ ನೀರು ಕೆಡಂಗಿಲ್ರಿ, ಮಾಸ್ತರ.”

ಮಾಸ್ತರರು ವಾದ ಮಾಡಲಿಲ್ಲ. ಕಾಲೇಜಿನ ಸೂಕ್ಷ್ಮದರ್ಶಕ ತಂದರು. ನಮಗದು ದುರ್ಬೀನು. ಕಿಟಕಿಯ ಬೆಳಕಿಗಿಟ್ಟು ಗಾಜಿನ ಮೇಲೆ ಟಾಕಿಯ ನೀರಿನ ಹನಿ ಬಿಟ್ಟರು. ಮೊದಲು ನಾನು ಬಗ್ಗಿದೆ. ಉಸಿರು ಬಿಡುವುದೇ ಮರೆತುಹೋಯಿತು. ಹನಿಯೊಳಗೊಂದು ಸಮುದ್ರ! ಗಾಜಿನಂಥ ಮೈಯ ಜೀವವೊಂದು ಪುಟ್ಟ ಚಪ್ಪಲಿಯಂತೆ ತೇಲಿ ಹೋಯಿತು. ಇನ್ನೊಂದು ಜೀವ ಕಾಲು ಬಡಿದು ಚಂಗನೆ ಜಿಗಿಯಿತು.

ದಾದಿ ಚಾಳೀಸಿನ ಕನ್ನಡಕ ತೆಗೆದು ಕಣ್ಣಿಟ್ಟಳು. ಬಹಳ ಹೊತ್ತು ಏಳಲೇ ಇಲ್ಲ.

“ಸುಬಹಾನಲ್ಲಾ! ಇಷ್ಟು ಸಣ್ಣದಕ್ಕೂ ಕಾಲು ಕೊಡೋದು ಮರತಿಲ್ಲ ಅಲ್ಲಾ. ಇವೇ ಏನ್ರಿ ಹುಡುಗರ ಹೊಟ್ಟಿ ಕೆಡಿಸಿದ್ದು?”

“ಅಲ್ಲ. ಅವು ಇನ್ನೂ ಸಣ್ಣವು. ಇದರಲ್ಲಿ ನನಗೂ ಕಾಣಲ್ಲ.”

“ಕಾಣಲಾರದ್ದನ್ನ ನಂಬ್ತೀರಿ?”

“ನೋಡಿದವರಿದ್ದಾರೆ ದಾದಿ.”

“ಹಂಗಾರ ನಾವಿಬ್ರೂ ಒಂದ ಕ್ಲಾಸು ಬಿಡ್ರಿ!”

ಮಾಸ್ತರರು ನಕ್ಕುಬಿಟ್ಟರು. “ಇದಕ್ಕಿಂತ ದೊಡ್ಡ ದುರ್ಬೀನು ಸಿಕ್ಕರೆ ನಿಮಗೂ ತೋರಿಸ್ತೀನಿ.”

ದಾದಿ ನಗಲಿಲ್ಲ. “ನೀರಡಿಸಿದವಗ ಇಲ್ಲ ಅನಬ್ಯಾಡ ಅಂತೈತಿ ನನ್ನ ದೀನು-ಧರ್ಮ. ಕೊಟ್ಟರ ಸಾಯ್ತಾರ ಅಂತೈತಿ ನಿಮ್ಮ ದುರ್ಬೀನು. ನಾ ಏನ್ ಮಾಡ್ಲಿ, ಹೇಳ್ರಿ.”

ಮಾಸ್ತರರು ಗಲ್ಲ ಕೆರೆದುಕೊಂಡರು. “ಕೊಡಿ. ಕುದಿಸಿ ಕೊಡಿ. ಬರ್ಫ್ ಮಾತ್ರ ಬೇಡ.”

ಅಷ್ಟು ನೀರು ಒಂದು ಸ್ಟೋವಿನಲ್ಲಿ ಎಲ್ಲಿ ಕುದಿಯಬೇಕು? ಸಂಜೆಗೆ ಪ್ರತಿ ಖೋಲಿಯಲ್ಲೂ ಸೀಮೆಎಣ್ಣೆ ಸ್ಟೋವು ಭರ್ರೆನ್ನುತ್ತಿತ್ತು. ಶೋಭಾಳ ಅವ್ವ ಆಸ್ಪತ್ರೆಯಿಂದ ಬಂದವಳೇ ಸೆರಗು ಬಿಗಿದು ಒಂದು ಪಾತೇಲಿ ಏರಿಸಿದಳು. ದೇವರೆಂದರೆ ನಗುವ ಮಾಸ್ತರರು ಹಂಡೆಯ ಬಾಯಿಗೆ ಬಟ್ಟೆ ಕಟ್ಟಿ ಬೆವರು ಒರೆಸಿಕೊಳ್ಳುತ್ತ ನೀರು ಸೋಸುತ್ತಿದ್ದರು. ದಾದಿ ತನ್ನ ಸ್ಟೋವು ಹಚ್ಚುವ ಮೊದಲು ನೀರಿನತ್ತ ಬಗ್ಗಿ, “ಮಾಫ್ ಮಾಡ್ರೆಪಾ” ಅಂದಳು. ಯಾರಿಗೆಂದು ನನಗೆ ಮಾತ್ರ ಗೊತ್ತಾಯಿತು. ಆಮೇಲೆ ಕುದಿದ ನೀರಿಗೂ ದುವಾ ಓದಿ ಊದಿದಳು.

ಮರುದಿನ ಕೈಗಾಡಿಯವನೊಬ್ಬ ಒಂದು ಗುಟುಕು ಕುಡಿದು ಮುಖ ಕಿವುಚಿದ. “ಠಂಡಾ ನಹೀ ಹೈ ಕ್ಯಾ, ದಾದಿ?”

“ಠಂಡಾ ದವಾಖಾನ್ಯಾಗ ಐತಿ, ಹೋಗು!”

ಅವನು ನಕ್ಕು ಇನ್ನೊಂದು ಲೋಟ ಕೇಳಿದ. ಹಬ್ಬ ಮುಗಿದರೂ ದಾದಿಗೆ ನೆಮ್ಮದಿಯಿಲ್ಲ. ಬಾಗಿಲು ಬಾಗಿಲಿಗೆ ಹೋಗಿ “ಹೊಟ್ಟಿ ಹೆಂಗೈತಿ?” ಎಂದು ವಿಚಾರಿಸಿದಳು. ಶರಬತ್ತು ಕುಡಿದ ಒಬ್ಬರಿಗೂ ಏನೂ ಆಗಿರಲಿಲ್ಲ. ಶೋಭಾ ಮನೆಗೆ ಬಂದ ದಿನ ದಾದಿ ಮಾಸ್ತರರನ್ನು ಕರೆದದ್ದು ಮಾತ್ರ ಬೇರೆ ಕೆಲಸಕ್ಕೆ. “ಇನ್ನೊಮ್ಮೆ ತೋರಿಸ್ರಿ, ಆ ಕಾಲಿನವನ್ನ.”

ಈಗ ನಾನಿರುವುದು ಘಾಟ್ಕೋಪರಿನ ಎತ್ತರದ ಬಿಲ್ಡಿಂಗಿನಲ್ಲಿ. ದಾದಿಯೂ ಇಲ್ಲ, ಮಾಸ್ತರರೂ ಇಲ್ಲ. ಅಡುಗೆಮನೆಯ ಗೋಡೆಯಲ್ಲಿ ಫಿಲ್ಟರಿನ ನೀಲಿ ದೀಪ ಉರಿಯುತ್ತದೆ. ಅದರೊಳಗೆ ಎಷ್ಟು ಜೀವಗಳು ಸಾಯುತ್ತವೋ, ಯಾರೂ ಅವುಗಳ ಮಾಫಿ ಕೇಳುವುದಿಲ್ಲ. ನೀರು ಮಾತ್ರ ಚೊಕ್ಕವಾಗಿದೆ. ಮಾಸ್ತರರು ನೋಡಿದ್ದರೆ ಮೆಚ್ಚುತ್ತಿದ್ದರು. ಆ ಚೊಕ್ಕ ನೀರಿನ ಒಂದು ಲೋಟ ನಮ್ಮ ಬಾಗಿಲಾಚೆ ಹೋದದ್ದು ಯಾವಾಗಲೋ, ನೆನಪಾಗುತ್ತಿಲ್ಲ.